ಚಳಿಯಲ್ಲಿ ಇಂಜೆಕ್ಷನ್ ಕಾರು: ಎಕ್ಸಲರೇಟರ್ ಮೇಲೆ ಕಾಲಿಡಬೇಡಿ

ಮಾನ್ಯ ಸಂಪಾದಕರೇ,

ನಮಸ್ಕಾರ.

ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಚಳಿಗಾಲಕ್ಕೆ ಕಾರು ಸಿದ್ಧ ಮಾಡಿಕೊಳ್ಳುವ ಬಗ್ಗೆ ಬಂದಿದ್ದನ್ನು ಓದಿದೆ. ಟೈರು, ವೈಪರು, ಲೈಟುಗಳ ಬಗ್ಗೆ ಹೇಳಿದ್ದೆಲ್ಲ ಸರಿ ಇದೆ. ಆದರೆ ತೀರಾ ಚಳಿಯಿದ್ದಾಗ ಸೆಲ್ಫ್ ಹೊಡೆಯುವ ಮೊದಲು ಎಕ್ಸಲರೇಟರನ್ನು ಎರಡು ಮೂರು ಸಲ ಒತ್ತಿ ಬಿಡಿ, ಸ್ಟಾರ್ಟ್ ಆದ ಕೂಡಲೇ ಚೆನ್ನಾಗಿ ರೇಸ್ ಮಾಡಿ, ಆಮೇಲೆ ಕಾಲು ಗಂಟೆ ನಿಂತಲ್ಲೇ ಓಡಲು ಬಿಡಿ ಅಂತ ಒಂದು ಸಲಹೆ ಇತ್ತು ನೋಡಿ, ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಈಗ ಮಾರಾಟವಾಗುವ ಪೆಟ್ರೋಲ್ ಕಾರುಗಳೆಲ್ಲ ಫ್ಯುಯಲ್ ಇಂಜೆಕ್ಷನ್ ಕಾರುಗಳು, ಅಂದರೆ ಇಂಜೆಕ್ಟರ್ ಅನ್ನುವ ಸಣ್ಣ ನಳಿಕೆಗಳಿಂದ ಪೆಟ್ರೋಲ್ ಚಿಮ್ಮಿಸುವ ಕಾರುಗಳು. ಅವುಗಳಿಗೆ ಈ ಮೂರರಲ್ಲಿ ಒಂದು ಮಾತೂ ಹೊಂದುವುದಿಲ್ಲ. ಮೈನಸ್ 20, ಮೈನಸ್ 25 ಡಿಗ್ರಿಯಲ್ಲಿ ಹಲವು ವರ್ಷ ಬೆಳಗಿನ ಜಾವ ಕಾರು ತೆಗೆದವನು ನಾನು, ಇದೇ ಸಲಹೆ ನಂಬಿ ಕೆಲಸಕ್ಕೆ ಹೋಗಲಾಗದೆ ನಿಂತವನೂ ಹೌದು. ಅದಕ್ಕೇ ಸ್ವಲ್ಪ ಉದ್ದವಾದರೂ ಬರೆಯುತ್ತಿದ್ದೇನೆ.

ಆ ಸಲಹೆ ಸುಳ್ಳಲ್ಲ, ಹಳೆಯದು. ಪೆಟ್ರೋಲನ್ನು ಗಾಳಿಯಲ್ಲಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಇದ್ದ ಕಾಲದಲ್ಲಿ ಅದೇ ಸರಿಯಾದ ಕ್ರಮವಾಗಿತ್ತು. ಕಾರ್ಬೊರೇಟರಿನೊಳಗೆ ಒಂದು ಚಿಕ್ಕ ಪಂಪ್ ಇರುತ್ತಿತ್ತು, ಪೆಡಲ್ ಒತ್ತಿದಾಗಲೆಲ್ಲ ಅದು ಒಂದಿಷ್ಟು ಹಸಿ ಪೆಟ್ರೋಲನ್ನು ಒಳಗೆ ಚಿಮ್ಮಿಸುತ್ತಿತ್ತು. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತಿತ್ತು. ತಣ್ಣಗಿರುವ ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕು ಅನ್ನುವುದನ್ನು ಓಡಿಸುವವನೇ ಅಂದಾಜು ಮಾಡಬೇಕಿತ್ತು. ನಮಗೆ ಕಾರು ಕಲಿಸಿದ ಹಿರಿಯರ ಕಾಲಿಗೆ ಆ ಲೆಕ್ಕ ಗೊತ್ತಿತ್ತು. ನಮಗೂ ಅದನ್ನೇ ಕಲಿಸಿದರು.

ಇಂಜೆಕ್ಷನ್ ಕಾರಿನಲ್ಲಿ ನಿಮ್ಮ ಕಾಲಿಗೂ ಪೆಟ್ರೋಲಿಗೂ ನೇರ ಸಂಬಂಧವೇ ಇಲ್ಲ. ಪೆಡಲ್ ಒತ್ತಿದರೆ ತೆರೆಯುವುದು ಗಾಳಿಯ ಬಾಗಿಲು, ಅಷ್ಟೇ. ಹೊಸ ಕಾರುಗಳಲ್ಲಂತೂ ಅದಕ್ಕೂ ಕೇಬಲ್ ಇಲ್ಲ, ಪೆಡಲಿನ ಕೆಳಗಿರುವ ಸೆನ್ಸರ್ ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ. ಪೆಟ್ರೋಲ್ ಎಷ್ಟು ಬಿಡಬೇಕು ಅನ್ನುವುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ. ಇಂಜಿನ್ ಸುತ್ತ ಹರಿದು ಅದನ್ನು ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಎಷ್ಟು ತಣ್ಣಗಿದೆ, ಒಳಗೆ ಬರುವ ಗಾಳಿ ಎಷ್ಟು ತಣ್ಣಗಿದೆ, ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಇವೆಲ್ಲ ನೋಡಿಕೊಂಡು ಇಂಜೆಕ್ಟರನ್ನು ಎಷ್ಟು ಹೊತ್ತು ತೆರೆದಿಡಬೇಕು ಅಂತ ಲೆಕ್ಕ ಹಾಕುತ್ತದೆ. ಇಂಜಿನ್ ಬಂದ್ ಇದ್ದಾಗ ನೀವು ಪೆಡಲನ್ನು ಹತ್ತು ಸಲ ಒತ್ತಿದರೂ ಒಂದು ಹನಿ ಪೆಟ್ರೋಲೂ ಒಳಗೆ ಹೋಗುವುದಿಲ್ಲ.

ಇಷ್ಟೇ ಆಗಿದ್ದರೆ ಸುಮ್ನೆ ಒತ್ತಿದರೂ ನಷ್ಟವಿಲ್ಲ ಅನ್ನಬಹುದಿತ್ತು. ಆದರೆ ಅಭ್ಯಾಸ ಅಲ್ಲಿಗೇ ನಿಲ್ಲುವುದಿಲ್ಲ ಅಲ್ವಾ? ಒತ್ತಿದ ಕಾಲು ಸೆಲ್ಫ್ ಹೊಡೆಯುವಾಗಲೂ ಅಲ್ಲೇ ಇರುತ್ತದೆ. ಅರ್ಧ ಒತ್ತಿದರೆ ಬೇಡದ ಗಾಳಿ ಒಳಗೆ ಬಂದು ಕಂಪ್ಯೂಟರಿನ ಲೆಕ್ಕ ಕೆಡುತ್ತದೆ. ಪೂರ್ತಿ ಒತ್ತಿದರೆ ಇನ್ನೊಂದು ಕಥೆ. ಬಹಳಷ್ಟು ಇಂಜೆಕ್ಷನ್ ಕಾರುಗಳಲ್ಲಿ ಪೆಡಲನ್ನು ನೆಲಕ್ಕೆ ತಾಗುವಷ್ಟು ಒತ್ತಿ ಸೆಲ್ಫ್ ಹೊಡೆದರೆ, ಒಳಗೆ ಪೆಟ್ರೋಲ್ ಜಾಸ್ತಿಯಾಗಿದೆ, ಅದನ್ನು ಒಣಗಿಸಬೇಕು ಅಂತ ಕಂಪ್ಯೂಟರ್ ಅರ್ಥ ಮಾಡಿಕೊಂಡು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಸ್ಟಾರ್ಟ್ ಆಗಲಿ ಅಂತ ನೀವು ಒತ್ತುತ್ತೀರಿ, ಅದೇ ಕಾರಣಕ್ಕೆ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಇಳಿಯುತ್ತಾ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಲೈಟು, ಹೀಟರಿನ ಫ್ಯಾನು, ಹಿಂದಿನ ಗಾಜಿನ ಡಿಫಾಗರ್, ಹಾಡು, ಫೋನ್ ಚಾರ್ಜರ್ ಎಲ್ಲ ಆಫ್ ಮಾಡಿ. ಕೀಯನ್ನು ಆನ್ ತನಕ ಮಾತ್ರ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆಯಿಂದ ಸಣ್ಣಗೆ ಗುಂಯ್ ಅನ್ನುವ ಸದ್ದು ಕೇಳುತ್ತದೆ, ಟ್ಯಾಂಕಿನೊಳಗಿರುವ ಪೆಟ್ರೋಲ್ ಪಂಪಿನ ಸದ್ದು ಅದು. ಸುಮಾರು ಎರಡು ಸೆಕೆಂಡ್ ಓಡಿ ಲೈನಿನಲ್ಲಿ ಒತ್ತಡ ತುಂಬಿಸಿ ತಾನೇ ನಿಲ್ಲುತ್ತದೆ. ನಿಂತ ಮೇಲೆ ಸೆಲ್ಫ್ ಹೊಡೆಯಿರಿ. ಕಾರು ನಾಲ್ಕೈದು ದಿನ ನಿಂತಿದ್ದರೆ ಲೈನಿನ ಒತ್ತಡ ಇಳಿದಿರಬಹುದು, ಆಗ ಕೀಯನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿದ ಮೇಲೆ ಸೆಲ್ಫ್ ಹೊಡೆದರೆ ಒಳ್ಳೆಯದು. ಬಟನ್ ಇರುವ ಕಾರಾದರೆ ಬ್ರೇಕ್ ಒತ್ತದೆ ಬಟನ್ ಒತ್ತಿದರೆ ಇದೇ ಕೆಲಸ ಆಗುತ್ತದೆ, ಹಲವಕ್ಕೆ ಎರಡು ಸಲ ಒತ್ತಬೇಕು. ಗೇರ್ ಬದಲಿಸುವ ಕಾರಾದರೆ ಕ್ಲಚ್ಚನ್ನು ಪೂರ್ತಿ ಒತ್ತಿಕೊಳ್ಳಿ, ನ್ಯೂಟ್ರಲ್‌ನಲ್ಲಿದ್ದರೂ ಒತ್ತಿ. ಗೇರ್ ಬಾಕ್ಸಿನೊಳಗಿನ ಎಣ್ಣೆ ಚಳಿಗೆ ಗಟ್ಟಿಯಾಗಿರುತ್ತದೆ, ಕ್ಲಚ್ ಒತ್ತದಿದ್ದರೆ ಸ್ಟಾರ್ಟರ್ ಮೋಟಾರ್ ಇಂಜಿನ್ ಜೊತೆಗೆ ಅದನ್ನೂ ತಿರುಗಿಸಬೇಕಾಗುತ್ತದೆ. ಎಕ್ಸಲರೇಟರ್ ಮೇಲಿನ ಕಾಲು ಮಾತ್ರ ತೆಗೆದು ಪಕ್ಕಕ್ಕಿಡಿ.

ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ಆಗಲಿಲ್ಲವಾದರೆ ಒಂದು ನಿಮಿಷವಾದರೂ ಸುಮ್ಮನೆ ಕೂತಿರಿ. ಸ್ಟಾರ್ಟರ್ ಮೋಟಾರ್ ತಣ್ಣಗಾಗಬೇಕು, ಬ್ಯಾಟರಿಯೂ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಈ ಒಂದು ನಿಮಿಷ ಕಾಯುವುದು ಎಲ್ಲಕ್ಕಿಂತ ಕಷ್ಟ, ತಡವಾಗಿದೆ ಅನ್ನುವ ಗಾಬರಿಯಲ್ಲಿ ಕೈ ಮತ್ತೆ ಕೀ ಕಡೆಗೇ ಹೋಗುತ್ತದೆ.

ಚಳಿಗೆ ಪೆಟ್ರೋಲ್ ಇಂಜಿನ್ ಯಾಕೆ ಇಷ್ಟು ಸತಾಯಿಸುತ್ತದೆ ಅನ್ನುವುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಆವಿಯಾಗಿ ಗಾಳಿಯಲ್ಲಿ ಬೆರೆತರೆ ಮಾತ್ರ ಉರಿಯುತ್ತದೆ. ಬಿಸಿ ಇಂಜಿನ್ನಿಗೆ ತೂಕದಲ್ಲಿ 14.7 ಭಾಗ ಗಾಳಿಗೆ ಒಂದು ಭಾಗ ಪೆಟ್ರೋಲ್ ಸಾಕು. ಮೈನಸ್ 20ರಲ್ಲಿ ಚಿಮ್ಮಿಸಿದ ಪೆಟ್ರೋಲಿನಲ್ಲಿ ಸ್ವಲ್ಪ ಭಾಗ, ಅದರಲ್ಲಿರುವ ಹಗುರವಾದ ಅಂಶ ಮಾತ್ರ, ಆವಿಯಾಗುತ್ತದೆ. ಉಳಿದದ್ದು ಸಿಲಿಂಡರ್ ಗೋಡೆಗೆ, ಕಿಡಿ ಹಾರಿಸುವ ಪ್ಲಗ್ಗಿಗೆ ಅಂಟಿಕೊಂಡು ಹಸಿಯಾಗಿಯೇ ಕೂರುತ್ತದೆ. ಆದ್ದರಿಂದ ಉರಿಯುವಷ್ಟು ಆವಿ ಸಿಗಲಿ ಅಂತ ಕಂಪ್ಯೂಟರ್ ಬೇಕಾದ್ದಕ್ಕಿಂತ ಹಲವು ಪಟ್ಟು ಪೆಟ್ರೋಲ್ ಬಿಡುತ್ತದೆ. ತುಂಬಾ ಚಳಿ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆಂದೇ ಬೇಗ ಆವಿಯಾಗುವ ಪೆಟ್ರೋಲ್ ಮಾರುತ್ತಾರೆ, ಅದರಲ್ಲಿ ಬ್ಯೂಟೇನ್ ಜಾಸ್ತಿ ಇರುತ್ತದೆ. ಬೇಸಿಗೆಯಲ್ಲಿ ತುಂಬಿಸಿದ ಪೆಟ್ರೋಲನ್ನೇ ಟ್ಯಾಂಕಿನಲ್ಲಿಟ್ಟುಕೊಂಡು ಚಳಿಗಾಲಕ್ಕೆ ಕಾಲಿಟ್ಟವರ ಕಾರು ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಇಲ್ಲೇ ನಾನು ಸಿಕ್ಕಿಬಿದ್ದದ್ದು. ಒಂದು ಸಂಜೆ, ಹಿಮ ತೆಗೆಯಲು ಜಾಗ ಬೇಕಾಗಿತ್ತು ಅಂತ ಕಾರು ಸ್ಟಾರ್ಟ್ ಮಾಡಿ ನಾಲ್ಕು ಮಾರು ಹಿಂದಕ್ಕೆ ತಂದು ತಕ್ಷಣ ಆಫ್ ಮಾಡಿದೆ. ಹತ್ತು ಸೆಕೆಂಡೂ ಓಡಿರಲಿಕ್ಕಿಲ್ಲ. ಚಳಿ ಇಂಜಿನ್ ಅಂತ ಕಂಪ್ಯೂಟರ್ ಪೆಟ್ರೋಲನ್ನು ಧಾರಾಳವಾಗಿ ಸುರಿದಿತ್ತು, ಅದು ಉರಿದು ಒಣಗುವ ಮೊದಲೇ ನಾನು ನಿಲ್ಲಿಸಿಬಿಟ್ಟೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಇಂಜಿನ್ ಜೋರಾಗಿ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ನಾನು ಕಲಿತ ಪಾಠದಂತೆ ಪೆಡಲ್ ಒತ್ತಿದೆ, ಬಿಟ್ಟೆ, ಮತ್ತೆ ಸೆಲ್ಫ್ ಹೊಡೆದೆ. ಪೆಡಲ್ ಬಿಟ್ಟು ಸೆಲ್ಫ್ ಹೊಡೆದಾಗಲೆಲ್ಲ ಇನ್ನಷ್ಟು ಪೆಟ್ರೋಲ್ ಒಳಗೆ ಹೋಗುತ್ತಿತ್ತು ಅನ್ನುವುದು ಆಗ ಗೊತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಬ್ಯಾಟರಿಯೂ ಸತ್ತಿತು. ಪಕ್ಕದ ಮನೆಯವರು ತಮ್ಮ ಕಾರಿನಿಂದ ಕರೆಂಟ್ ಕೊಟ್ಟು, ಪೆಡಲನ್ನು ಪೂರ್ತಿ ನೆಲಕ್ಕೆ ಒತ್ತಿ ಹಿಡಿ, ಬಿಡಬೇಡ, ಐದಾರು ಸೆಕೆಂಡ್ ಸೆಲ್ಫ್ ಹೊಡಿ ಅಂದರು. ಎರಡನೇ ಸಲಕ್ಕೆ ಗುರ್ ಅಂತ ಎದ್ದಿತು, ಬಿಳಿ ಹೊಗೆ, ಪೆಟ್ರೋಲ್ ವಾಸನೆ ತುಂಬಿತು, ಆಮೇಲೆ ಸರಿಯಾಯಿತು.

ಅಂದರೆ ಪೆಡಲನ್ನು ಪೂರ್ತಿ ಒತ್ತುವುದಕ್ಕೂ ಒಂದು ಸಮಯ ಇದೆ. ಪ್ಲಗ್ ನೆನೆದು ಪೆಟ್ರೋಲ್ ವಾಸನೆ ಬರುತ್ತಿದ್ದಾಗ ಮಾತ್ರ. ಆಗಲೂ ಒತ್ತಿ ಬಿಟ್ಟು ಮಾಡಬಾರದು, ಒತ್ತಿ ಹಿಡಿಯಬೇಕು. ಇಂಜಿನ್ ಎದ್ದ ತಕ್ಷಣ ಕಾಲು ತೆಗೆಯಬೇಕು. ಇನ್ನೂ ಮುಖ್ಯವಾದ ಮಾತು ಅಂದರೆ, ಚಳಿಯಲ್ಲಿ ಕಾರನ್ನು ಜಾಗ ಬದಲಿಸಲಿಕ್ಕೆಂದು ಸ್ಟಾರ್ಟ್ ಮಾಡಿದರೆ ಹಾಗೇ ಆಫ್ ಮಾಡಬೇಡಿ, ಹತ್ತಿರದಲ್ಲೇ ಒಂದು ಸುತ್ತು ಹೋಗಿ ಬನ್ನಿ.

ಇದು ಹೊಸ ಕಾರುಗಳ ಮಾತು ಮಾತ್ರ ಅಂದುಕೊಳ್ಳಬೇಡಿ. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಅನ್ನುವ ಇಂಜೆಕ್ಷನ್ ವ್ಯವಸ್ಥೆ ಬಂದದ್ದು 1967ರಲ್ಲಿ, ಕೆ-ಜೆಟ್ರಾನಿಕ್ 1973ರಲ್ಲಿ. ಕೆ-ಜೆಟ್ರಾನಿಕ್ ಕಾರುಗಳಲ್ಲಿ ಮಾಮೂಲಿ ಇಂಜೆಕ್ಟರುಗಳ ಜೊತೆಗೆ ಚಳಿಗೆಂದೇ ಇನ್ನೊಂದು ಇಂಜೆಕ್ಟರ್ ಇರುತ್ತಿತ್ತು. ಕೂಲಂಟಿನಲ್ಲಿ ಮುಳುಗಿರುವ ಒಂದು ಸ್ವಿಚ್ ಅದನ್ನು ನಡೆಸುತ್ತಿತ್ತು, ಇಂಜಿನ್ ತಣ್ಣಗಿದ್ದಾಗ ಸೆಲ್ಫ್ ಹೊಡೆದರೆ ಕೆಲವು ಸೆಕೆಂಡ್ ಮಾತ್ರ ಹೆಚ್ಚುವರಿ ಪೆಟ್ರೋಲ್ ಬಿಟ್ಟು, ಆಮೇಲೆ ಸ್ವಿಚ್ ತಾನೇ ಬಿಸಿಯಾಗಿ ಕತ್ತರಿಸುತ್ತಿತ್ತು. ಎಷ್ಟು ಸರಳ, ಎಷ್ಟು ಚಂದದ ಉಪಾಯ ಅದು! ಆಗಲೂ ಪೆಡಲಿಗೆ ಕೆಲಸವಿರಲಿಲ್ಲ. ಅಂದರೆ ಅರ್ಧ ಶತಮಾನದಿಂದ ಇಂಜೆಕ್ಷನ್ ಕಾರುಗಳು ಕಾಲು ತೆಗೆಯಿರಿ ಅನ್ನುತ್ತಲೇ ಇವೆ, ನಾವು ಒತ್ತುತ್ತಲೇ ಇದ್ದೇವೆ.

ಇನ್ನು ಬ್ಯಾಟರಿ. ನಿಮ್ಮ ಪುಟದಲ್ಲಿ ಇದಕ್ಕೆ ಒಂದೇ ಸಾಲು ಕೊಟ್ಟಿದ್ದರು, ನನ್ನ ಪ್ರಕಾರ ಅರ್ಧ ಪುಟ ಕೊಡಬೇಕಿತ್ತು. ಮೈನಸ್ 18 ಡಿಗ್ರಿಯಲ್ಲಿ ಮಾಮೂಲಿ ಸೀಸದ ಬ್ಯಾಟರಿಯ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಇಂಜಿನ್ ಎಣ್ಣೆ ಗಟ್ಟಿಯಾಗಿ, ತಿರುಗಿಸಲು ಜಾಸ್ತಿ ಶಕ್ತಿ ಬೇಕಾಗುತ್ತದೆ. ಬ್ಯಾಟರಿ ಮೇಲೆ ಸಿಸಿಎ ಅಂತ ಒಂದು ಸಂಖ್ಯೆ ಬರೆದಿರುತ್ತಾರಲ್ಲ, ಅದು ಚಳಿಯಲ್ಲಿ ಬ್ಯಾಟರಿ ಎಷ್ಟು ಕರೆಂಟ್ ಕೊಡುತ್ತದೆ ಅನ್ನುವ ಅಳತೆ. ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡ್, ವೋಲ್ಟೇಜ್ 7.2ಕ್ಕಿಂತ ಕೆಳಗಿಳಿಯದಂತೆ, ಎಷ್ಟು ಆಂಪಿಯರ್ ಕೊಡಬಲ್ಲದು ಅಂತ ನೋಡುತ್ತಾರೆ. ಹೊಸ ಬ್ಯಾಟರಿ ಕೊಳ್ಳುವಾಗ ಈ ಸಂಖ್ಯೆ ಕಾರು ತಯಾರಿಸಿದವರು ಹೇಳಿದ್ದಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳಿ.

ಸದ್ದು ಕೇಳಿಯೂ ಅರ್ಧ ರೋಗ ಹಿಡಿಯಬಹುದು. ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಅಂದರೆ, ಇಲ್ಲವೇ ಇಂಜಿನ್ ಏದುಸಿರು ಬಿಡುತ್ತಾ ನಿಧಾನ ತಿರುಗಿದರೆ ಬ್ಯಾಟರಿ ಅಥವಾ ಟರ್ಮಿನಲ್ ನೋಡಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಹುಡಿ ಕಟ್ಟಿದ್ದರೆ ಮೊದಲು ಅದನ್ನು ಉಜ್ಜಿ ತೆಗೆಯಿರಿ. ಇಂಜಿನ್ ಚುರುಕಾಗಿ ತಿರುಗುತ್ತಿದೆ ಆದರೆ ಹತ್ತುತ್ತಿಲ್ಲ ಅಂದರೆ ಬ್ಯಾಟರಿಯನ್ನು ಬೈಯಬೇಡಿ, ಪೆಟ್ರೋಲ್, ಪ್ಲಗ್, ಸೆನ್ಸರ್ ಕಡೆ ನೋಡಿ.

ಒಂದು ಎಚ್ಚರಿಕೆ ಹೇಳಲೇಬೇಕು. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ. ಆದರೆ ಖಾಲಿಯಾದ ಬ್ಯಾಟರಿಯೊಳಗೆ ಉಳಿಯುವುದು ಹೆಚ್ಚುಕಮ್ಮಿ ನೀರೇ, ಅದು ಮೈನಸ್ 10ರೊಳಗೇ ಹೆಪ್ಪುಗಟ್ಟಬಹುದು. ಬ್ಯಾಟರಿಯ ಪಕ್ಕೆಗಳು ಉಬ್ಬಿದ್ದರೆ ಅದಕ್ಕೆ ಬೇರೆ ಕಾರಿನಿಂದ ಕರೆಂಟ್ ಕೊಡಲು ಹೋಗಬೇಡಿ, ಸಿಡಿಯುವ ಅಪಾಯ ಇದೆ. ಚೆನ್ನಾಗಿರುವ ಬ್ಯಾಟರಿಗೆ ಕರೆಂಟ್ ಕೊಡುವಾಗಲೂ ಕ್ರಮ ಇದೆ. ಕೆಂಪು ವೈರನ್ನು ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ ಹಾಕಿ. ಕಪ್ಪು ವೈರನ್ನು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ ಹಾಕಿ, ಅದರ ಇನ್ನೊಂದು ತುದಿಯನ್ನು ಸತ್ತ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ ಹಾಕಿ, ಬ್ಯಾಟರಿಗೆ ಬೇಡ. ಕೊನೆಯ ಕಿಡಿ ಬ್ಯಾಟರಿಯಿಂದ ದೂರ ಹಾರಲಿ ಅಂತ ಹೀಗೆ.

ಎಣ್ಣೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಡಬ್ಬದ ಮೇಲೆ 5ಡಬ್ಲ್ಯೂ-30 ಅಂತ ಇರುತ್ತದೆ, ಆ ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಎಡಕ್ಕಿರುವ ಸಂಖ್ಯೆ ಸಣ್ಣದಾದಷ್ಟೂ ಚಳಿಯಲ್ಲಿ ಎಣ್ಣೆ ಸಲೀಸಾಗಿ ಹರಿಯುತ್ತದೆ. 15ಡಬ್ಲ್ಯೂ ಎಣ್ಣೆಯನ್ನು ಮೈನಸ್ 20ರಲ್ಲಿ ಪರೀಕ್ಷೆ ಮಾಡಿರುತ್ತಾರೆ, 5ಡಬ್ಲ್ಯೂ ಎಣ್ಣೆಯನ್ನು ಮೈನಸ್ 30ರಲ್ಲಿ, 0ಡಬ್ಲ್ಯೂ ಎಣ್ಣೆಯನ್ನು ಮೈನಸ್ 35ರಲ್ಲಿ. ಕಾರಿನ ಪುಸ್ತಕ ಒಪ್ಪಿದರೆ ಚಳಿಗಾಲಕ್ಕೆ ಮೊದಲು ತೆಳುವಾದ ಎಣ್ಣೆಗೆ ಬದಲಾಯಿಸಿಕೊಳ್ಳಿ, ಸೆಲ್ಫ್ ಹೊಡೆದಾಗಲೇ ವ್ಯತ್ಯಾಸ ಕಿವಿಗೆ ಕೇಳುತ್ತದೆ.

ಇಂಜೆಕ್ಷನ್ ಕಾರಿನಲ್ಲಿ ಯಾರೂ ನೋಡದ ಒಂದು ಚಿಕ್ಕ ವಸ್ತು ಇದೆ, ಕೂಲಂಟ್ ಸೆನ್ಸರ್. ಎರಡು ವಾರ ಬೆಳಿಗ್ಗೆ ನನ್ನ ಕಾರು ಏಳೆಂಟು ಸಲ ಸೆಲ್ಫ್ ಹೊಡೆದರೆ ಮಾತ್ರ ಏಳುತ್ತಿತ್ತು, ಬಿಸಿಯಾದ ಮೇಲೆ ಒಂದೇ ಏಟಿಗೆ ಸ್ಟಾರ್ಟ್. ವರ್ಕ್‌ಶಾಪಿನವರು ಬ್ಯಾಟರಿ ಬದಲಿಸಿದರು, ಪ್ಲಗ್ ಬದಲಿಸಿದರು, ಏನೂ ಆಗಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹತ್ತಲಿಲ್ಲ. ಕೊನೆಗೆ ಗೆಳೆಯನೊಬ್ಬ ಕಾರಿನ ಕಂಪ್ಯೂಟರಿನ ಲೆಕ್ಕ ಓದುವ ಸ್ಕ್ಯಾನರ್ ತಂದು ಸ್ಟಾರ್ಟ್ ಮಾಡುವ ಮೊದಲೇ ಹಾಕಿ ನೋಡಿದ. ರಾತ್ರಿಯಿಡೀ ಹಿಮದಲ್ಲಿ ನಿಂತಿದ್ದ ಇಂಜಿನ್ 60 ಡಿಗ್ರಿ ಬಿಸಿ ಇದೆ ಅಂತ ಆ ಸೆನ್ಸರ್ ಕಂಪ್ಯೂಟರಿಗೆ ಹೇಳುತ್ತಿತ್ತು! ಬಿಸಿ ಇಂಜಿನ್ ಅಂದುಕೊಂಡು ಕಂಪ್ಯೂಟರ್ ಸ್ವಲ್ಪವೇ ಪೆಟ್ರೋಲ್ ಬಿಡುತ್ತಿತ್ತು. ಈ ಸೆನ್ಸರ್ ತಣ್ಣಗಾದಷ್ಟೂ ಅದರ ವಿದ್ಯುತ್ ತಡೆ ಏರುತ್ತದೆ, ಸಾಮಾನ್ಯ ಮಾದರಿಯದ್ದಾದರೆ 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ಇದ್ದದ್ದು ಮೈನಸ್ 20ರಲ್ಲಿ ಸುಮಾರು 15,000 ಓಮ್ ಆಗುತ್ತದೆ. ಕೆಟ್ಟ ಸೆನ್ಸರ್ ಇದನ್ನು ತಪ್ಪಾಗಿ ತೋರಿಸಿದರೂ, ತೋರಿಸಿದ್ದು ಮಿತಿಯೊಳಗೇ ಇದ್ದರೆ ಕಂಪ್ಯೂಟರಿಗೆ ಅನುಮಾನ ಬರುವುದಿಲ್ಲ. ಆದ್ದರಿಂದ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಸ್ಕ್ಯಾನರಿನಲ್ಲಿ ಕೂಲಂಟಿನ ಶಾಖ ಮತ್ತು ಒಳಬರುವ ಗಾಳಿಯ ಶಾಖ ಎರಡನ್ನೂ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದೇ ಇಲ್ಲವಾದರೆ ಕಳ್ಳ ಸಿಕ್ಕಿದ ಹಾಗೆ.

ಮೈನಸ್ 25, 30ಕ್ಕಿಂತ ಕೆಳಗೆ ಹೋದರೆ ಇಂಜಿನ್ನನ್ನೇ ಕರೆಂಟಿನಿಂದ ಬಿಸಿ ಮಾಡುವ ಹೀಟರ್ ಇಲ್ಲದೆ ಕಷ್ಟ. ಅಮೆರಿಕದ ನಾರ್ತ್ ಡಕೋಟಾದ ಆಂಡ್ರ್ಯೂ ಫ್ರೀಮನ್ ಎಂಬುವವರು ಇಂಜಿನ್ನಿನ ಒಂದು ಬೋಲ್ಟ್ ತೆಗೆದು ಅದರ ಜಾಗಕ್ಕೆ ಬಿಸಿಯಾಗುವ ಬೋಲ್ಟ್ ಹಾಕುವ ಹೀಟರ್ ಮಾಡಿ 1949ರಲ್ಲಿ ಪೇಟೆಂಟ್ ಪಡೆದರು. ಈಗ ಸಿಗುವವು ಸಾಮಾನ್ಯವಾಗಿ ಕೂಲಂಟನ್ನೇ ಬಿಸಿ ಮಾಡುತ್ತವೆ. ರಾತ್ರಿಯಿಡೀ ಹಾಕಿಡಬೇಕಿಲ್ಲ, ಟೈಮರ್ ಇಟ್ಟು ಹೊರಡುವ ಮೂರು ನಾಲ್ಕು ಗಂಟೆ ಮೊದಲು ಆನ್ ಆದರೆ ಸಾಕು. ಇಂಜಿನ್ ಕೆಳಗೆ ಬೆಂಕಿ ಹಾಕುವ, ಸ್ಟವ್ ಇಡುವ ಕೆಲಸ ಮಾತ್ರ ಯಾರೂ ಮಾಡಬೇಡಿ.

ಸ್ಟಾರ್ಟ್ ಆದ ಮೇಲೆ ಏನು? ರೇಸ್ ಮಾಡಬೇಡಿ. ಎಣ್ಣೆ ಇನ್ನೂ ಮೇಲಿನ ಭಾಗಗಳಿಗೆ ಸರಿಯಾಗಿ ತಲುಪಿರುವುದಿಲ್ಲ. ಇಂಜಿನ್ ತಾನೇ ಸ್ವಲ್ಪ ವೇಗವಾಗಿ ಓಡುತ್ತದೆ, ಬಿಸಿಯಾಗುತ್ತಾ ಇಳಿಯುತ್ತದೆ, ಅದೂ ಕಂಪ್ಯೂಟರಿನ ಕೆಲಸವೇ. ಕಾಲು ಗಂಟೆ ನಿಲ್ಲಿಸಿಡುವುದೂ ಬೇಡ. ನಿಂತಲ್ಲೇ ಓಡುವ ಇಂಜಿನ್ ಬಹಳ ನಿಧಾನ ಬಿಸಿಯಾಗುತ್ತದೆ, ಅಷ್ಟು ಹೊತ್ತೂ ಹೆಚ್ಚುವರಿ ಪೆಟ್ರೋಲ್ ಸಿಲಿಂಡರ್ ಗೋಡೆಯನ್ನು ತೊಳೆದು ಕೆಳಗಿನ ಎಣ್ಣೆಗೆ ಸೇರುತ್ತಿರುತ್ತದೆ. ಗೇರ್ ಬಾಕ್ಸ್, ಚಕ್ರದ ಬೇರಿಂಗ್ ಅಂತೂ ಓಡದೆ ಬಿಸಿಯಾಗುವುದೇ ಇಲ್ಲ. ಅರ್ಧ ಒಂದು ನಿಮಿಷ ಬಿಟ್ಟು, ಗಾಜಿನ ಹಿಮವನ್ನೆಲ್ಲ ಕೆರೆದು ತೆಗೆದು, ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಹೋಗಿ. ತೀರಾ ಚಳಿಯಿದ್ದರೆ ಇನ್ನೆರಡು ನಿಮಿಷ ಜಾಸ್ತಿ ಬಿಡಿ, ಅಷ್ಟೇ. ಮುಚ್ಚಿದ ಗ್ಯಾರೇಜಿನಲ್ಲಿ ಒಂದು ನಿಮಿಷವೂ ಬೇಡ. ಸೈಲೆನ್ಸರ್ ಬಾಯಿ ಹಿಮದಲ್ಲಿ ಮುಚ್ಚಿಹೋಗಿದೆಯಾ ಅಂತ ಕಾರಿನೊಳಗೆ ಕೂರುವ ಮೊದಲು ಹಿಂದೆ ಹೋಗಿ ನೋಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ.

ಸಂಪಾದಕರೇ, ನಿಮ್ಮ ಪುಟ ಓದುವವರಲ್ಲಿ ಈಗಷ್ಟೇ ಕಾರು ಕಲಿತವರು ಬಹಳ ಜನ ಇದ್ದಾರೆ. ಅವರು ಕಾರ್ಬೊರೇಟರ್ ನೋಡಿಯೇ ಇಲ್ಲ, ಆದರೂ ಅದರ ಪಾಠ ಕಲಿಯುತ್ತಿದ್ದಾರೆ. ಪತ್ರ ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಪರವಾಗಿಲ್ಲ. ಕೀ ಆನ್ ಮಾಡಿ ಎರಡು ಸೆಕೆಂಡ್ ಕಾಯಿರಿ, ಎಕ್ಸಲರೇಟರ್ ಮೇಲಿಂದ ಕಾಲು ತೆಗೆಯಿರಿ ಅನ್ನುವ ಒಂದು ಸಾಲನ್ನಾದರೂ, ಆ ಸಲಹೆ ಬಂದಿದ್ದ ಜಾಗದಲ್ಲೇ, ಮುಂದಿನ ವಾರ ದಯವಿಟ್ಟು ಹಾಕಿ.

ಇತಿ,
ನಿಮ್ಮ ಓದುಗ